ಶಾಲು ಆಮೇಲೆ, ಮೊದಲು ಊಟ ಹಾಕಿ

ವಾರ್ಷಿಕ ಸಭೆಯಲ್ಲಿ ಶಾಲು, ಫಲಕ ಕೊಟ್ಟರೆ ಸ್ವಯಂಸೇವಕರು ಸಂಘ ಬಿಡುವುದಿಲ್ಲ ಎನ್ನುತ್ತದೆ ನಾನು ಓದಿದ ಒಂದು ಲೇಖನ. ನಮ್ಮ ಕನ್ನಡ ಸಂಘಗಳಲ್ಲಿ ಜನ ಬಿಡುವುದು ಸುಸ್ತಾಗಿ, ಸ್ವಾಮಿ. ರಾಜ್ಯೋತ್ಸವದ ದಿನ ಬೆಳಗ್ಗೆ ಕುರ್ಚಿ ಹಾಕಿದವರೇ ರಾತ್ರಿ ಪಾತ್ರೆ ಎಣಿಸುತ್ತಿರುತ್ತಾರೆ. ಅವರ ಪಾಲಿಗೆ ಉಳಿಯುವುದು ತಣ್ಣಗಾದ ಅನ್ನ, ತಳದ ಸಾರು. ಎರಡೆರಡು ಗಂಟೆಗಳ ಪಾಳಿ ಮಾಡಿ, ಬಡಿಸುವವರಿಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿ. ಬಾಳೆ ಎಲೆ, ಆಟೋ ಬಾಡಿಗೆಗೆ ಕೈಯಿಂದ ಹಾಕಿದ ದುಡ್ಡನ್ನು ವಾರದೊಳಗೆ ಕೊಡಿ. ಖಜಾಂಚಿಗೆ ಮೂರು ಸಲ ನೆನಪಿಸಬೇಕಾಗಿ ಬಂದವರು ಮುಂದಿನ ವರ್ಷ ಫೋನ್ ಎತ್ತುವುದಿಲ್ಲ. ‘ಎಲ್ಲರಿಗೂ ಧನ್ಯವಾದ’ ಎಂಬ ವಾಟ್ಸ್ಆ್ಯಪ್ ಸಂದೇಶ ಯಾರಿಗೂ ತಾಗದು. ಮೈಕ್ ಕೈಕೊಟ್ಟಾಗ ಬದಲಿ ವೈರ್ ಹುಡುಕಿ ತಂದವರಿಗೆ ಮರುದಿನವೇ ಕರೆ ಮಾಡಿ, ಆ ಕೆಲಸವನ್ನೇ ಹೆಸರಿಸಿ ಹೇಳಿ. ಇನ್ನು ಒಂದು ಜವಾಬ್ದಾರಿ ಒಬ್ಬರಿಗೆ 2 ವರ್ಷ ಸಾಕು. ಎರಡನೇ ವರ್ಷ ಜೊತೆಗೊಬ್ಬ ಹೊಸಬರನ್ನು ಕೂರಿಸಿ, ಅಡುಗೆಯವರ ನಂಬರು, ಸಾಮಾನಿನ ಲೆಕ್ಕ ಎಲ್ಲ ಬರೆದು ಕೈಗೆ ಕೊಡಿಸಿ.