ಕುಲುಮೆಯ ಬುಡ ನೋಡಿ, ಆಮೇಲೆ ಕಟ್ಟೋಣ

ನಾನು ಭದ್ರಾವತಿಯವನು, ಈಗ ಇರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಎರಡೂ ಉಕ್ಕಿನ ಊರುಗಳೇ. ಆದರೆ ಹಳೇ ಕಾರ್ಖಾನೆಯ ನೆಲವನ್ನು ನೋಡುವ ರೀತಿ ಮಾತ್ರ ಬೇರೆ.

ಇಲ್ಲಿ ಅಂಥ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟರೆ, ನೆಲದಡಿ ಏನಿದೆ ಅಂತ ಮೊದಲು ಅಗೆದು ನೋಡಿ ಎಂದು ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, ಷರತ್ತು ಹಾಕಬಹುದು. 1990ರಿಂದ ಈ ಪದ್ಧತಿ ಗಟ್ಟಿಯಾಗಿ ನಿಂತಿದೆ. ಖರ್ಚು ಕಟ್ಟಿಸುವವರದ್ದೇ. ಹಳೇ ನಕಾಶೆ ನೋಡಿ ಜಾಗ ಗುರುತಿಸುತ್ತಾರೆ. ಆಮೇಲೆ ಸುಮಾರು 2 ಮೀಟರ್ ಅಗಲದ ಉದ್ದುದ್ದ ಗುಂಡಿ ತೋಡುತ್ತಾರೆ. ಯಂತ್ರದ ಬಕೆಟ್‌ಗೆ ಹಲ್ಲು ಇರುವುದಿಲ್ಲ. ಅದು ಮಣ್ಣನ್ನು ತೆಳುವಾಗಿ ಹೆರೆಯುತ್ತಾ ಹೋಗುತ್ತದೆ, ಪಕ್ಕದಲ್ಲೇ ಪುರಾತತ್ವದವರು ನಿಂತಿರುತ್ತಾರೆ. ಇಟ್ಟಿಗೆಯ ಸಾಲು ಕಂಡರೆ ಕೈ ಎತ್ತುತ್ತಾರೆ, ಯಂತ್ರ ನಿಲ್ಲುತ್ತದೆ. ಮುಂದಿನದು ಕರಣೆಯ ಕೆಲಸ.

ಶೆಫೀಲ್ಡ್‌ನಲ್ಲಿ ಹೀಗೆ ಅಗೆದಾಗ ಉಕ್ಕು ಕರಗಿಸುತ್ತಿದ್ದ ಕುಲುಮೆಗಳ ನೆಲಮಾಳಿಗೆಗಳು ಸಿಕ್ಕಿವೆ. ಮೇಲಿನ ಕಟ್ಟಡ ಎಂದೋ ಹೋಗಿದೆ. ಗಾಳಿ ಎಳೆಯಲು, ಬೂದಿ ತೆಗೆಯಲು ಕಟ್ಟಿದ ಕೆಳಗಿನ ಕಮಾನುಗಳು ಉಳಿದಿವೆ. ಎಲ್ಲವನ್ನೂ ಉಳಿಸಿಕೊಳ್ಳುತ್ತಾರೆ ಅಂತಲ್ಲ. ಅಳತೆ, ಫೋಟೋ, ವರದಿ ಆದ ಮೇಲೆ ಬಹಳಷ್ಟರ ಮೇಲೆ ಕಾಂಕ್ರೀಟ್ ಬೀಳುತ್ತದೆ. ನನಗೆ ಅದು ಬೇಸರವೇ. ಆದರೂ ದಾಖಲೆ ಉಳಿಯುತ್ತದೆ, ಅಲ್ವಾ?

ಈಗ ನಮ್ಮೂರಿಗೆ ಬನ್ನಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಉರಿದದ್ದು ಮಲೆನಾಡಿನ ಕಾಡು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಆ ಹೊಗೆಯನ್ನೂ ಬಿಡದೆ ತಣಿಸಿ ಸ್ಪಿರಿಟ್, ತಾರು ತೆಗೆಯುತ್ತಿದ್ದರು. ಜೋಗದ ಕರೆಂಟ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಕಾಲ ಹಿಂದೆ ಸರಿಯಿತು.

ತಾಳಗುಂದದಲ್ಲಿ, ಬಳ್ಳಿಗಾವಿಯಲ್ಲಿ ಶಾಸನದ ಕಲ್ಲು ಸಿಕ್ಕರೆ ನಾವು ಹೆಮ್ಮೆಪಡುತ್ತೇವೆ. ಪಡಲೇಬೇಕು. ಇದ್ದಿಲ ಕುಲುಮೆಯ ತಳಪಾಯ ಸಿಕ್ಕರೆ ಗುಜರಿ ಅನ್ನುತ್ತೇವೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಟ್ಟಡ ಸ್ಮಾರಕ ಆಗಬಹುದು. ನಮ್ಮ ಕಾರ್ಖಾನೆ ಆ ಗೆರೆ ದಾಟಿದೆ. ಆದರೆ ರಕ್ಷಿತ ಪಟ್ಟಿಯಲ್ಲಿಲ್ಲದ ಕಾರ್ಖಾನೆ ಜಾಗವನ್ನು ಕಟ್ಟುವ ಮೊದಲು ಅಗೆದು ನೋಡುವ ರೂಢಿ ನಮ್ಮಲ್ಲಿ ಬಂದಿಲ್ಲ.

ಕಾರ್ಖಾನೆ ಉಳಿಯಲಿ ಅನ್ನುವುದೇ ನನ್ನ ಮೊದಲ ಆಸೆ. ನಿಂತುಹೋಗಿರುವ ನಮ್ಮೂರಿನ ಪೇಪರ್ ಮಿಲ್ಲೂ ಮತ್ತೆ ಓಡಲಿ. ಆದರೆ ಎಂದಾದರೂ ಅಲ್ಲಿ ಹೊಸದು ಬರುವುದಾದರೆ, ಒಂದೆರಡು ವಾರ ಪರೀಕ್ಷೆಗೆ ಅಗೆಯಲಿ. ಕೆಲಸ ತಡವಾಗುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ತಾರು ಇಳಿದ ಮಣ್ಣು ಎಲ್ಲಿದೆ, ಹಳೇ ಸುರಂಗ ಎಲ್ಲಿದೆ ಅಂತ ಪಾಯ ಹಾಕುವ ಮೊದಲೇ ಗೊತ್ತಾಗುವುದು ಕಟ್ಟುವವರಿಗೇ ಲಾಭ.

ಇನ್ನೊಂದು ವಿಷಯದಲ್ಲಿ ನಾವೇ ಅದೃಷ್ಟವಂತರು. ಇಲ್ಲಿ ಅಗೆಯುವುದು ಬಹಳ ಸಲ 200 ವರ್ಷ ಹಿಂದಿನವರ ಕೆಲಸದ ಜಾಗ. ಅದನ್ನು ಕಂಡವರು ಯಾರೂ ಇಲ್ಲ. ನಮ್ಮಲ್ಲಿ, ಭದ್ರಾವತಿಯ ನ್ಯೂ ಟೌನ್ ಬಡಾವಣೆಯ ಜಗುಲಿಗಳಲ್ಲಿ, ಕುಲುಮೆಯ ಮುಂದೆ ನಿಂತು ದುಡಿದ ಹಿರಿಯರು ಇನ್ನೂ ಇದ್ದಾರೆ. ಅಗೆಯುವ ದಿನ ಅವರಿಗೆ ಗುಂಡಿಯ ಪಕ್ಕ ಕುರ್ಚಿ ಹಾಕಿ. ಯಾವ ಗೋಡೆ ಯಾವ ಶೆಡ್ಡಿನದು, ಬಿಸಿ ಕಿಟ್ಟ ಯಾವ ಕಡೆ ಹೋಗುತ್ತಿತ್ತು ಅಂತ ಕೇಳಿ ಬರೆದುಕೊಳ್ಳಿ. ಅವರು ಇರುವಾಗಲೇ ಇದು ಆಗಬೇಕು.