ಅಳಿಯನ ಚಿಕನ್ ಡಿನ್ನರ್

ನನ್ನ ಅಕ್ಕನ ಮಗ ಕಟಪಾಡಿಯಲ್ಲಿ ಕೂತು ಮೊಬೈಲಿನಲ್ಲಿ ಗುಂಡು ಹೊಡೆಯುತ್ತಾನೆ. ಅದೇ ಅವನ ಉದ್ಯೋಗ. ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನುವ ಮೊಬೈಲ್ ಆಟ ಆಡುವ ನಾಲ್ಕು ಜನರ ತಂಡಕ್ಕೆ ಅವನು ಐಜಿಎಲ್, ಅಂದರೆ ಎಲ್ಲಿ ಇಳಿಯಬೇಕು, ಯಾವ ಮನೆಗೆ ನುಗ್ಗಬೇಕು, ಯಾವಾಗ ಓಡಿಹೋಗಬೇಕು ಅಂತ ಉಳಿದ ಮೂವರಿಗೆ ಹೇಳುವವನು. ನಮ್ಮದು ಅಳಿಯಸಂತಾನದ ಕುಟುಂಬ. ಹಿಂದಿನ ಕಾಲವಾದರೆ ಮಾವನ ಆಸ್ತಿಯೆಲ್ಲ ಅಳಿಯನಿಗೆ. ಇವನು ಇಲ್ಲಿಯವರೆಗೆ ನನ್ನ ಹತ್ತಿರ ಕೇಳಿದ್ದು ವೈಫೈ ಪಾಸ್‌ವರ್ಡ್ ಒಂದೇ.

ಇವನ ವೃತ್ತಿಜೀವನ ಸ್ವಲ್ಪ ವಿಚಿತ್ರ. ಸಾಮಾನ್ಯವಾಗಿ ಆಟಗಾರನಿಗೆ ಮಂಡಿ ನೋವು ಬರ್ತದೆ, ಫಾರ್ಮ್ ಹೋಗ್ತದೆ. ಇವನಿಗೆ ಆಗಾಗ ಮೈದಾನವೇ ಕಾಣೆಯಾಗುತ್ತದೆ. ಪಿಯುಸಿಯಲ್ಲಿದ್ದಾಗ, 2020ರ ಸೆಪ್ಟೆಂಬರ್ 2ಕ್ಕೆ, ಸರಕಾರ ನಿಷೇಧಿಸಿದ 118 ಆಪ್‌ಗಳ ಪಟ್ಟಿಯಲ್ಲಿ ಅವನು ಆಡುತ್ತಿದ್ದ ಪಬ್‌ಜಿ ಮೊಬೈಲ್ ಕೂಡ ಹೋಯಿತು. ದೇಶದ ಭದ್ರತೆಯ ಪ್ರಶ್ನೆ. ಅಕ್ಕ ದೇವರಿಗೆ ದೀಪ ಇಟ್ಟಳು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು, ಹೆಸರಿನೊಳಗೆ ಇಂಡಿಯಾ ಸೇರಿಸಿದ್ದರು. ಗುಂಡು ತಗುಲಿದವನ ಮೈಯಿಂದ ಈಗ ಹಸಿರು ಚಿಮ್ಮುತ್ತಿತ್ತು. ರಕ್ತ ಹಸಿರಾದರೆ ಹಿಂಸೆ ಆಗುವುದಿಲ್ಲ, ಬಸಳೆ ಸಾರು ಚೆಲ್ಲಿದ ಹಾಗೆ ಅಷ್ಟೆ. 2022ರ ಜುಲೈ ಕೊನೆಗೆ ಅದೂ ಪ್ಲೇಸ್ಟೋರ್‌ನಿಂದ ಮಾಯ. ಅಕ್ಕ ಮತ್ತೆ ದೀಪ ಇಟ್ಟಳು.

ಇಲ್ಲಿಂದ ಮುಂದೆ ಸ್ವಲ್ಪ ಗಮನ ಇಟ್ಟು ಓದಿ, ನಾನು ಸುಮ್ನೆ ಹೇಳುವುದಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಇಸ್ಪೋರ್ಟ್ಸ್ ಅನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳನ್ನು, ಕ್ರೀಡಾ ಇಲಾಖೆಯ ಕೆಳಗೆ ತಂದಿತು. ಅಂದರೆ ಹುಡುಗ ಅಧಿಕೃತವಾಗಿ ಕ್ರೀಡಾಪಟುವಾದ ದಿನ ಅವನು ಆಡುವ ಆಟ ದೇಶದಲ್ಲಿ ಬಂದ್ ಆಗಿತ್ತು. ಕಂಬಳದ ಕೋಣಕ್ಕೆ ಮೆಡಲ್ ಹಾಕಿ, ಗದ್ದೆಯನ್ನು ಸೈಟ್ ಮಾಡಿ ಮಾರಿದ ಹಾಗೆ.

ಕಂಬಳ ಅಂದಾಗ ನೆನಪಾಯಿತು. 2016ರ ಕೊನೆಗೆ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಾಗ ಕರಾವಳಿ ಸುಮ್ಮನೆ ಕೂರಲಿಲ್ಲ. ಮೂಡಬಿದಿರೆಯಲ್ಲಿ ಕೋಣಗಳ ಸಮೇತ ಮೆರವಣಿಗೆ ಆಯಿತು, ವಿಧಾನಸಭೆ ಕಾನೂನು ತಿದ್ದಿತು, ಕೊನೆಗೆ 2023ರ ಮೇ 18ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಊರಲ್ಲಿ ಪಟಾಕಿ. ಅದೇ ತಿಂಗಳ ಕೊನೆಗೆ ಬಿಜಿಎಂಐಯೂ ವಾಪಸ್ ಬಂತು, ಪಟಾಕಿ ಬಿಡಿ, ಅಕ್ಕನ ಮನೆಯಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲ. ಕೋಣಕ್ಕೆ ಒಂದು ಊರೇ ಉಂಟು, ಐಜಿಎಲ್‌ಗೆ ಯಾರುಂಟು ಮಾರಾಯರೆ?

ವಾಪಸ್ ಬಂದದ್ದೂ ಷರತ್ತಿನ ಮೇಲೆ. ಮೂರು ತಿಂಗಳ ಪರೀಕ್ಷೆ. ಹದಿನೆಂಟರ ಕೆಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ. ಮಕ್ಕಳಿಗೆ ಮಿತಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಳಗ್ಗೆಯಿಂದ ಸ್ಕ್ರಿಮ್ಸ್, ಅಂದರೆ ಅಭ್ಯಾಸದ ಪಂದ್ಯ, ಆಡಿ ಹೊಟ್ಟೆ ಹೊರೆಯುವವನಿಗೂ ಅದೇ ಗಡಿಯಾರ. ಯಕ್ಷಗಾನದಲ್ಲಿ ದೇವಿಮಹಾತ್ಮೆ ನಡೀತಾ ಉಂಟು, ಮಧ್ಯರಾತ್ರಿ, ಜನರ ನಡುವಿನಿಂದ ದೀವಟಿಗೆ ಹಿಡಿದು ಮಹಿಷಾಸುರ ಬೊಬ್ಬೆ ಹಾಕುತ್ತಾ ಬರುತ್ತಿದ್ದಾನೆ, ಅಷ್ಟರಲ್ಲಿ ಯಾರೋ ಬಂದು "ನಿಮ್ಮ ಇವತ್ತಿನ ಟೈಮ್ ಮುಗಿಯಿತು, ನಾಳೆ ಬನ್ನಿ" ಅಂದರೆ ಹೇಗಿರ್ತದೆ?

ಭಾವನ ಚಿಂತೆ ಬೇರೆ. "ಇದಕ್ಕೆ ಎಂತ ಗ್ಯಾರಂಟಿ? ನಾಳೆ ಸರಕಾರ ಒಂದು ಸಹಿ ಹಾಕಿದರೆ ಹೆಸರೇ ಇರುವುದಿಲ್ಲ. ಬ್ಯಾಂಕ್ ಪರೀಕ್ಷೆ ಬರಿ" ಅಂತ ಮಗನಿಗೆ ದಿನಾ ಹೇಳುತ್ತಾರೆ. ಭಾವ ಬ್ಯಾಂಕಿನಲ್ಲೇ ಇದ್ದವರು. ನಮ್ಮ ಜಿಲ್ಲೆಗಳು ಬ್ಯಾಂಕುಗಳ ತೊಟ್ಟಿಲು ಅಂತ ಶಾಲೆಯಲ್ಲಿ ಕಲಿತಿದ್ದೇವಲ್ಲ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರ ಸಿಂಡಿಕೇಟ್, ಮಂಗಳೂರಿನ 1931ರ ವಿಜಯಾ. 2019ರ ಏಪ್ರಿಲ್ 1ಕ್ಕೆ ವಿಜಯಾ ಹೋಯಿತು, ಮರುವರ್ಷ ಅದೇ ತಾರೀಕಿಗೆ ಉಳಿದೆರಡೂ ಬೇರೆ ಬ್ಯಾಂಕಿನ ಹೊಟ್ಟೆ ಸೇರಿದವು. ಪಬ್‌ಜಿ ಹೋದದ್ದು ಆಮೇಲೆ. ಇದನ್ನು ಅಳಿಯ ಅಪ್ಪನಿಗೆ ಹೇಳಿದ, ಅವತ್ತು ರಾತ್ರಿ ಊಟ ನಮ್ಮ ಮನೆಯಲ್ಲಿ ಮಾಡಿದ.

ಇನ್ನು ಪಕ್ಕದ ಮನೆಯ ಅಣ್ಣ. ಅವರ ಪ್ರಕಾರ ಇದೆಲ್ಲ ಜೂಜು, ಪೊಲೀಸರು ಹಿಡಿಯಬೇಕು. ಇದನ್ನು ಅವರು ನನಗೆ ಹೇಳಿದ್ದು ಕೋಳಿ ಅಂಕದಿಂದ ಬರುವಾಗ, ಕೈಯಲ್ಲಿ ಗೆದ್ದ ಕೋಳಿ ತಲೆಕೆಳಗಾಗಿ ನೇತಾಡುತ್ತಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇಸ್ಪೋರ್ಟ್ಸ್ ಬೇರೆ ಅಂತ ಬರೆದಿದೆ ಅಂದೆ. "ಎಲ್ಲ ಒಂದೇ, ಮೊಬೈಲ್ ಅಲ್ವಾ" ಅಂದರು. ಅಳಿಯನ ಆಟದಲ್ಲಿ ಗೆದ್ದವನಿಗೆ ತೆರೆಯ ಮೇಲೆ 'ಚಿಕನ್ ಡಿನ್ನರ್' ಅಂತ ಬರ್ತದೆ, ಇವರಿಗೆ ನಿಜವಾಗಿಯೂ ಸಿಗ್ತದೆ. ವ್ಯತ್ಯಾಸ ಅಷ್ಟೆ.

ಮೊನ್ನೆ ಅಳಿಯನ ತಂಡ ಒಂದು ಟೂರ್ನಿಯಲ್ಲಿ ಎರಡನೇ ಸ್ಥಾನ ಪಡೆಯಿತು. ಚೆಕ್ ಹಿಡಿದ ಫೋಟೊ ಬಂದ ಮೂರೇ ದಿನಕ್ಕೆ ಜಂಕ್ಷನ್‌ನಲ್ಲಿ ಫ್ಲೆಕ್ಸ್. ಅವನ ಮುಖಕ್ಕಿಂತ ಶುಭಕೋರುವವರ ಮುಖಗಳು ದೊಡ್ಡದು, ಕೋಳಿ ಅಂಕದ ಅಣ್ಣ ಮೇಲಿನ ಸಾಲಿನಲ್ಲೇ ಇದ್ದರು. ಆದಿತ್ಯವಾರ ಸಂಜೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿದರು. ಮೊದಲ ಹತ್ತು ನಿಮಿಷ ಊರಿಗೆ ಕೀರ್ತಿ ತಂದ ಕುವರ, ಉಳಿದದ್ದು ಮೊಬೈಲಿನಿಂದ ಯುವಜನತೆ ಹೇಗೆ ಹಾಳಾಗುತ್ತಿದೆ ಅನ್ನುವ ವಿಷಯ. ಎದುರಿಗೆ ಮಕ್ಕಳೆಲ್ಲ ಅಪ್ಪಂದಿರ ಮೊಬೈಲಿನಲ್ಲಿ ಅಳಿಯನ ಹಳೆಯ ಮ್ಯಾಚ್ ನೋಡುತ್ತಿದ್ದರು.

ಎಲ್ಲ ಮುಗಿದು, ಅಳಿಯ ಶಾಲು ಮಡಚಿಕೊಂಡು ವೇದಿಕೆ ಇಳಿಯುವಾಗ ಅಧ್ಯಕ್ಷರು ಅವನ ಹೆಗಲಿಗೆ ಕೈ ಹಾಕಿ ಬದಿಗೆ ಕರೆದುಕೊಂಡು ಹೋದರು. ಪ್ರಾಯೋಜಕರು ಸಿಗುತ್ತಾರೇನೋ ಅಂತ ನಾನೂ ಕಿವಿ ಕೊಟ್ಟೆ.

"ನೀನು ಮೊಬೈಲಿನಲ್ಲಿ ಹುಷಾರಲ್ವಾ ಮಗ, ನನ್ನ ವಾಟ್ಸಾಪ್ ಮೊನ್ನೆಯಿಂದ ಓಪನ್ ಆಗುವುದಿಲ್ಲ. ಸ್ವಲ್ಪ ನೋಡಿ ಕೊಡು."