ಸಹಿ: ಶ್ರೀ ವಿರೂಪಾಕ್ಷ

ವಿಜಯನಗರದ ಅರಸರಷ್ಟು ಜಾಣ ಆಡಳಿತಗಾರರು ನಮ್ಮ ಕಾಲದಲ್ಲೂ ಸಿಗುವುದು ಕಷ್ಟ. ದಾನಶಾಸನ ಬರೆಸಿದರೆ ಕೊನೆಯಲ್ಲಿ ತಮ್ಮ ಹೆಸರು ಹಾಕುತ್ತಿರಲಿಲ್ಲ. ತಾಮ್ರಪಟ ಸಂಸ್ಕೃತದಲ್ಲಿದ್ದರೂ ಕೆಳಗೆ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಸಹಿ. ಆದೇಶ ದೇವರದ್ದು, ರಾಯರು ಸುಮ್ನೆ ಕಾರ್ಯದರ್ಶಿ. ಇನ್ನು ತಕರಾರಿದ್ದವರು ಅರ್ಜಿ ಕೊಡುವುದು ಯಾರಿಗೆ? ಗರ್ಭಗುಡಿಗೆ ಆರ್‌ಟಿಐ ಹಾಕೋಕಾಗುತ್ತಾ?

ಯಜಮಾನರು ದೇವರೇ ಆದ ಮೇಲೆ ರಾಜಧಾನಿ ಹಂಪಿಯ ನಕ್ಷೆಯೂ ಅವರ ಅನುಕೂಲಕ್ಕೇ. ಅರಮನೆ ಪ್ರದೇಶದ ನಟ್ಟನಡುವೆ ಹಜಾರರಾಮನ ಗುಡಿ. ಅದರ ಪೂರ್ವಕ್ಕೆ ದರ್ಬಾರು, ಮಹಾನವಮಿ ದಿಬ್ಬ. ಪಶ್ಚಿಮಕ್ಕೆ ರಾಯರ ಖಾಸಗಿ ವಾಸ. ಊರಿನ ದಾರಿಗಳೆಲ್ಲ ಬಂದು ಸೇರುವುದು ಈ ಗುಡಿಯ ಮುಂದೆ. ಪೌಳಿಗೋಡೆಯ ಒಳಮೈಯಲ್ಲಿ ರಾಮಾಯಣ ಕೆತ್ತಿದ್ದಾರೆ. ಹೊರಮೈಯಲ್ಲಿ? ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು, ಸಾಲು ಸಾಲು ಮೆರವಣಿಗೆ. ರಾಮನನ್ನು ನೋಡಲು ಬಂದವರು ಮೊದಲು ರಾಯರ ಫ್ಲೆಕ್ಸ್ ನೋಡಿಕೊಂಡೇ ಒಳಗೆ ಹೋಗಬೇಕು.

ಬೀದಿಗಳದ್ದು ಬೇರೆ ಕಥೆ. ವಿರೂಪಾಕ್ಷನ ಮುಂದಿನ ರಥಬೀದಿ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದ. ಅಳತೆ ತೇರಿನದು, ಜನರದ್ದಲ್ಲ. ಆದರೂ ಜನ ಅದರ ಇಕ್ಕೆಲದಲ್ಲಿ ಬಜಾರು ಹೂಡಿ ಬದುಕಿದರು. ಮುಂದೆ ಆ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಆಡಳಿತ ಎಬ್ಬಿಸಿತು. ಕಾರಣ, ಪರಂಪರೆ ಉಳಿಸಬೇಕು. ಬಜಾರು ಉಳಿಯಬೇಕಾದರೆ ಮೊದಲು ವ್ಯಾಪಾರ ಹೋಗಬೇಕು, ಅಲ್ವಾ!

ಕೆರೆ ವಿಷಯಕ್ಕೆ ಬಂದರೆ ರಾಯರ ಕಾಲದ ಲೋಕೋಪಯೋಗಿ ಇಲಾಖೆಯೇ ಕಣ್ಣಿಗೆ ಕಟ್ಟುತ್ತದೆ. ಕೃಷ್ಣದೇವರಾಯರು ನಾಗಲಾಪುರಕ್ಕೆ, ಅಂದರೆ ಇವತ್ತಿನ ಹೊಸಪೇಟೆಗೆ, ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆ ಕಟ್ಟಿಸಿದರು. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರು ಎಂದು ಪೋರ್ಚುಗೀಸ್ ಪ್ರವಾಸಿ ಪೇಸ್ ಬರೆದಿದ್ದಾನೆ. ಏರಿ ಮಾತ್ರ ನಿಲ್ಲುತ್ತಿಲ್ಲ. ಹಗಲು ಹಾಕಿದ ಕಲ್ಲು ರಾತ್ರಿಗೆ ಕೆಳಗೆ ಎನ್ನುತ್ತಾನೆ ಅವನ ನಂತರ ಬಂದ ನೂನಿಜ್. ಗೋವಾದಿಂದ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿದರು. ಅವನಿಗೆ ಕೆಲಸ ಆಗುವ ನಂಬಿಕೆ ಇರಲಿಲ್ಲ. ಆದರೂ ಒಪ್ಪಿಕೊಂಡ (ಗುತ್ತಿಗೆದಾರರ ಗುಣ ಆಗಲೂ ಇದೇ). ‘ಸುಣ್ಣ ಬೇಕು’ ಎಂದ. ರಾಯರು ಜೋರಾಗಿ ನಕ್ಕರಂತೆ.

ಆಮೇಲೆ ತಜ್ಞರ ಸಮಿತಿ ಕರೆದರು. ತಜ್ಞರೆಂದರೆ ಪಂಡಿತರು, ಮಂತ್ರವಾದಿಗಳು. ವರದಿ ತಕ್ಷಣ ಬಂತು: ‘ಇಷ್ಟು ದೊಡ್ಡ ಕಾಮಗಾರಿ, ದೇವರಿಗೆ ಏನೂ ಕೊಟ್ಟಿಲ್ಲ. ರಕ್ತ ಬೀಳಬೇಕು.’ ಪಾಯ ಯಾರೂ ಪರೀಕ್ಷಿಸಲಿಲ್ಲ. ಗುಡಿ ಬಾಗಿಲಲ್ಲಿ ಅರವತ್ತು ಜನರ ತಲೆ ಹೊಡೆಸಿದರು, ಜೊತೆಗೆ ಒಂದಷ್ಟು ಕುದುರೆ, ಕೋಣ ಎನ್ನುತ್ತಾನೆ ಪೇಸ್. ಸತ್ತವರು ಮರಣದಂಡನೆಗೆ ಅರ್ಹರಾದ ಕೈದಿಗಳು ಎಂದು ಸಮಜಾಯಿಷಿಯೂ ಇದೆ. ಸಮಿತಿಯ ಸದಸ್ಯರಲ್ಲಿ ಯಾರೂ ಸ್ವಯಂಸೇವೆಗೆ ಮುಂದಾದಂತೆ ಕಾಣುವುದಿಲ್ಲ.

ಆಮೇಲೆ ಕೆಲಸ ಸಾಗಿತಂತೆ. ಕೆರೆ ಕೆಳಗೆ ಗದ್ದೆ, ತೋಟ ಮಾಡಿದವರಿಗೆ ಒಂಬತ್ತು ವರ್ಷ ಕಂದಾಯ ಮಾಫಿ. ಅದು ಮುಗಿದ ಮೇಲೆ ಖಜಾನೆಗೆ 20,000 ಪರ್ದಾವ್ (ಆಗಿನ ಚಿನ್ನದ ನಾಣ್ಯ) ಆದಾಯ. ದೇವರ ಪಾಲು ಮುಂಗಡವಾಗಿಯೇ ಸಂದಾಯ ಆಗಿತ್ತಲ್ಲ, ಉಳಿದಿದ್ದು ಪೂರ್ತಿ ರಾಯರಿಗೆ.